ಮಳೆಗಾಲದ ಹಸಿರು, ಕಂಬಳದ ಕೋಣದ ತೂಕ

ಜೂನ್ ಎರಡನೇ ವಾರ. ನಾಲ್ಕಾರು ದಿನ ಎಡೆಬಿಡದೆ ಸುರಿದ ಮಳೆ ಬೆಳಗ್ಗೆ ಸ್ವಲ್ಪ ಹೊಳವಾಗಿದೆ. ಉಚ್ಚಿಲದಿಂದ ಎರ್ಮಾಳು, ಪಡುಬಿದ್ರಿವರೆಗಿನ ಬೈಲುಗಳಲ್ಲಿ ಮಳೆಗಾಲದ ಏಣೆಲು ಬೆಳೆಗೆ ಗದ್ದೆ ಹದವಾಗುತ್ತಿದೆ. ಮೇ ತಿಂಗಳಿಡೀ ಒಣಗಿ ಬಿರಿದಿದ್ದ ಹುಣಿಗಳ ಮೇಲೆ ಬೆರಳುದ್ದದ ಎಳೆ ಹುಲ್ಲು ಎದ್ದಿದೆ. ಹಟ್ಟಿಯಿಂದ ಹೊರಗೆ ಬಿಟ್ಟ ಕೋಣಗಳ ಜೋಡಿ ಹಗ್ಗ ಹಿಡಿದವರನ್ನೇ ಎಳೆದುಕೊಂಡು ಹೋಗಿ ಆ ಹಸಿರಿಗೆ ಬಾಯಿ ಹಾಕುತ್ತದೆ. ನೋಡುವವರಿಗೆ ಇದಕ್ಕಿಂತ ಸಮಾಧಾನದ ದೃಶ್ಯ ಬೇರೆ ಬೇಕಿಲ್ಲ. ಬೇಸಗೆಯಿಡೀ ಬೈಹುಲ್ಲು ಜಗಿದ ಪ್ರಾಣಿಗೆ ಕೊನೆಗೂ ಹೊಟ್ಟೆ ತುಂಬ ಹಸಿ ಹುಲ್ಲು ಸಿಕ್ಕಿತಲ್ಲ!

ಕಂಬಳದ ಕೋಣ ಸಾಕುವವರು ಹೆಚ್ಚು ಎಚ್ಚರದಿಂದ ಇರಬೇಕಾದ ಕಾಲವೂ ಇದೇ. ಕರೆಯಲ್ಲಿ, ಅಂದರೆ ಕಂಬಳದ ಕೆಸರಿನ ಓಟದ ಹಾದಿಯಲ್ಲಿ, ಕೋಣ ಹೇಗೆ ಓಡುತ್ತದೆ ಎಂಬುದನ್ನು ನಾವು ಜನವರಿಯಲ್ಲಿ ಕಾಣುತ್ತೇವೆ. ಅದರ ಮೈ ಹದಗೊಳ್ಳುವುದು ಅಥವಾ ಹದಗೆಡುವುದು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಯಾರೂ ಚಪ್ಪಾಳೆ ತಟ್ಟದ ಹಟ್ಟಿಯಲ್ಲಿ.

ಹುಲ್ಲಿನ ವಸಂತ

ಹುಲ್ಲು ಚಿಗುರುವ ಕಾಲಕ್ಕೆ ಅಂಜುವವರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡು, ಐರ್ಲೆಂಡುಗಳಲ್ಲಿ ಕುದುರೆ ಸಾಕುವವರಿಗೆ ಏಪ್ರಿಲ್, ಮೇ ತಿಂಗಳು ಬಂತೆಂದರೆ ಚಿಂತೆ. ಚಳಿ ಕಳೆದು ಬಿಸಿಲು ಬಿದ್ದ ಕೂಡಲೇ ಹುಲ್ಲು ಒಮ್ಮೆಲೇ ಚಿಗುರುತ್ತದೆ, ಕುದುರೆಗಳು ತಿಂದು ತಿಂದು ದಪ್ಪಗಾಗುತ್ತವೆ. ನಮ್ಮ ಕರಾವಳಿಯಲ್ಲಿ ಯುಗಾದಿಯ ಹೊತ್ತಿಗೆ ಮಾವು ಚಿಗುರಿರುತ್ತದೆ, ಆದರೆ ನೆಲದ ಹುಲ್ಲು ಒಣಗಿರುತ್ತದೆ. ನಮ್ಮ ಹುಲ್ಲಿಗೆ ವಸಂತ ಬರುವುದು ತುಳುವರ ಕಾರ್ತೆಲ್ ತಿಂಗಳ ಮಳೆಯಲ್ಲಿ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳದ್ದು. ಬೈಲಿನ ಹುಣಿ, ತೆಂಗಿನ ತೋಟ, ಕಾರ್ಕಳದ ಕಡೆಯ ಮುರಕಲ್ಲಿನ ಪದವು ಎಲ್ಲ ಕಡೆಯೂ ಹುಲ್ಲು ಏಕಕಾಲಕ್ಕೆ ಏಳುತ್ತದೆ. ಅಕ್ಟೋಬರ್ ದಾಟಿದರೆ ಪದವಿನ ಮುಳಿಹುಲ್ಲು ಬಲಿತು ಒರಟಾಗುತ್ತದೆ, ದನ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಹಸಿರು ಧಾರಾಳವಾಗಿ, ಪುಕ್ಕಟೆಯಾಗಿ ಸಿಗುವುದು ಈ ನಾಲ್ಕೈದು ತಿಂಗಳು ಮಾತ್ರ.

ಕಂಬಳದ ಕ್ಯಾಲೆಂಡರ್ ಇದಕ್ಕೆ ಸರಿಯಾಗಿ ತಿರುವುಮುರುವು. ಕಂಬಳಗಳು ನವೆಂಬರ್ ಸುಮಾರಿಗೆ ಆರಂಭವಾಗಿ ಮಾರ್ಚ್, ಏಪ್ರಿಲ್‌ವರೆಗೆ ನಡೆಯುತ್ತವೆ. ಕಟಪಾಡಿ, ಮಿಯ್ಯಾರು, ಬಜಗೋಳಿ, ಮೂಡುಬಿದಿರೆ, ಐಕಳ ಎಂದು ವಾರ ವಾರ ಕರೆಯಿಂದ ಕರೆಗೆ ಲಾರಿಯಲ್ಲಿ ಸಾಗಿದ ಕೋಣಗಳಿಗೆ ಆಮೇಲೆ ವಿಶ್ರಾಂತಿ. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ ಬರುವ ಹೊತ್ತಿಗೆ ಯಕ್ಷಗಾನದ ಗೆಜ್ಜೆ ಬಿಚ್ಚಿರುತ್ತದೆ, ಕಂಬಳದ ಕೋಣಗಳೂ ಹಟ್ಟಿ ಸೇರಿರುತ್ತವೆ. ಮೇವು ಹೆಚ್ಚಾಗುವ ಕಾಲ ಮತ್ತು ಕೆಲಸ ಇಲ್ಲದ ಕಾಲ ಎರಡೂ ಒಟ್ಟಿಗೇ ಬರುತ್ತವೆ.

ಎಳೆ ಹುಲ್ಲಿನಲ್ಲಿ ಏನಿದೆ?

ಮಳೆ ಶುರುವಾದ ಮೊದಲ ವಾರಗಳ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಉಳಿದ ಒಣ ಅಂಶದಲ್ಲಿ ಸಸಾರಜನಕ ಚೆನ್ನಾಗಿರುತ್ತದೆ, ನಾರು ಕಡಿಮೆ. 500 ಕಿಲೋ ತೂಗುವ ಕೋಣಕ್ಕೆ ದಿನಕ್ಕೆ ಸುಮಾರು 10ರಿಂದ 12 ಕಿಲೋ ಒಣ ಅಂಶದ ಮೇವು ಬೇಕು ಎಂದು ಲೆಕ್ಕ ಹಾಕಿದರೆ, ಅಷ್ಟನ್ನೂ ಎಳೆ ಹುಲ್ಲಿನಿಂದಲೇ ಪಡೆಯಲು ಅದು 60 ಕಿಲೋದಷ್ಟು ಹುಲ್ಲು ತಿನ್ನಬೇಕಾಗುತ್ತದೆ.

ಹೊಟ್ಟೆ ಡೋಲಿನಂತೆ ಉಬ್ಬಿ ಕಾಣುವುದು ಇದೇ ಕಾರಣಕ್ಕೆ. ತುಂಬಿದ ಹೊಟ್ಟೆಯನ್ನೇ ನೋಡಿ ಕೋಣ ಮೈ ಹಿಡಿದಿದೆ ಎಂದುಕೊಂಡರೆ ತಪ್ಪು ಲೆಕ್ಕವಾಗುತ್ತದೆ. ಜೂನ್‌ನಲ್ಲಿ ಹೊಟ್ಟೆ ದೊಡ್ಡದಾಗಿ, ಬೆನ್ನು ಸೊರಗಿದ ಕೋಣಗಳೂ ಇರುತ್ತವೆ. ಹುಲ್ಲಿನ ಜೊತೆ ಹುರುಳಿಯೂ ಹಿಂಡಿಯೂ ಸೇರಿ ನಿಜವಾಗಿಯೇ ಕೊಬ್ಬು ಕೂಡಿಸಿಕೊಂಡವೂ ಇರುತ್ತವೆ. ದೂರದಿಂದ ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನೊಂದು ತೊಂದರೆ ಮೇವು ದಿಢೀರನೆ ಬದಲಾಗುವುದರಿಂದ ಬರುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಹುಳಿ ಬರಿಸಿ ಜೀರ್ಣ ಮಾಡುತ್ತವೆ. ಬೈಹುಲ್ಲಿಗೆ ಒಗ್ಗಿಕೊಂಡ ಆ ಸಮುದಾಯ ಹಸಿ ಹುಲ್ಲಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟು ಸಮಯ ಕೊಡದಿದ್ದರೆ ಸೆಗಣಿ ನೀರಾಗುತ್ತದೆ, ಕೆಲವೊಮ್ಮೆ ಹೊಟ್ಟೆಯುಬ್ಬರ ಬರುತ್ತದೆ. ಎಡ ಪಕ್ಕೆಯ ಹಿಂದಿನ ಗುಳಿ ಉಬ್ಬಿ ಬಂದು, ಕೋಣ ಮೆಲುಕು ನಿಲ್ಲಿಸಿ ಏದುಸಿರು ಬಿಟ್ಟರೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಸಬೇಕು.

ಬೊಜ್ಜು ಬರುವುದು ಎಲ್ಲಿಂದ?

ಹುಲ್ಲೊಂದರಿಂದಲೇ ಕೋಣಕ್ಕೆ ಅತಿಯಾದ ಬೊಜ್ಜು ಬರುವುದು ಕಡಿಮೆ. ಕಾರಣ ಹೆಚ್ಚಾಗಿ ಬಾನಿಯಲ್ಲಿರುತ್ತದೆ.

ಕಂಬಳದ ಕೋಣದ ಮುಖ್ಯ ಆಹಾರ ಹುರುಳಿ. ನೆನೆಸಿ, ಬೇಯಿಸಿ ಕೊಡುತ್ತಾರೆ. ಅದರಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕ ಇದೆ, ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟ. ಬೇಯಿಸುವುದರಿಂದ ಜೀರ್ಣಕ್ಕೆ ಅಡ್ಡಿ ಮಾಡುವ ಕೆಲವು ಅಂಶಗಳು ಇಲ್ಲವಾಗುತ್ತವೆ. ಕಂಬಳದ ದಿನಗಳಲ್ಲಿ ಇದರ ಜೊತೆ ಬೂದುಗುಂಬಳ, ಕಲ್ಲಂಗಡಿ, ಕ್ಯಾರೆಟ್‌ನಂಥ ತಂಪಿನ ತರಕಾರಿ, ಹಣ್ಣು. ಮೈಗೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ, ಕೆರೆಯಲ್ಲಿ ಈಜು, ಕುದಿ ಎಂಬ ಓಟದ ಅಭ್ಯಾಸ. ತಿಂದದ್ದು ಕೆಲಸಕ್ಕೆ ಖರ್ಚಾಗುತ್ತದೆ.

ಕಂಬಳ ಮುಗಿದ ಮೇಲೆ ಈಜು ನಿಲ್ಲುತ್ತದೆ, ಅಭ್ಯಾಸ ನಿಲ್ಲುತ್ತದೆ. ಆದರೆ ಬಾನಿಗೆ ಬೀಳುವ ಹುರುಳಿ ಅಷ್ಟೇ ಮುಂದುವರಿಯುತ್ತದೆ. ಪದಕ ಗೆದ್ದು ಬಂದ ಕೋಣಕ್ಕೆ ಹುರುಳಿ ಕಡಿಮೆ ಮಾಡುವುದೆಂದರೆ ಮನೆಯವರಿಗೆ ಮನಸ್ಸು ಬರುವುದಿಲ್ಲ. ಮನೆಗೆ ಬಂದ ನೆಂಟರು, ಅಭಿಮಾನಿಗಳು ಕೋಣ ಗುಂಡುಗುಂಡಾಗಿದ್ದರೆ ಸಾಕಾಣಿಕೆ ಚೆನ್ನಾಗಿದೆ ಎನ್ನುತ್ತಾರೆ. ಸ್ವಲ್ಪ ಇಳಿದರೆ ಕೋಣ ಯಾಕೆ ಬಡವಾಗಿದೆ ಎಂದು ಕೇಳುತ್ತಾರೆ. ಆ ಮಾತಿಗೆ ಅಂಜಿ ಒಂದು ಸೇರು ಹೆಚ್ಚೇ ಹಾಕುವವರಿದ್ದಾರೆ. ಪ್ರೀತಿಯಿಂದ ಹಾಕಿದ ಆ ಹೆಚ್ಚಿನ ಸೇರು ಹೋಗುವುದು ಬಾಲದ ಬುಡಕ್ಕೆ, ಎದೆಯ ಕೆಳಗಿನ ಜೋಲಿಗೆ, ಪಕ್ಕೆಲುಬಿನ ಮೇಲಿನ ಪದರಕ್ಕೆ.

ಪಿಷ್ಟ ಮಿತಿಮೀರಿದರೆ ಇನ್ನೂ ದೊಡ್ಡ ಅಪಾಯವಿದೆ. ದೊಡ್ಡ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀರ್ಣಶಕ್ತಿ ಕುಸಿಯುತ್ತದೆ. ಅದರ ಪರಿಣಾಮ ಗೊರಸಿನವರೆಗೂ ಇಳಿಯುತ್ತದೆ. ಗೊರಸಿನ ಒಳಗಿನ ನವಿರಾದ ಪದರ ಊದಿಕೊಂಡು ಕೋಣ ಕಾಲು ಊರಲು ಹಿಂಜರಿಯುತ್ತದೆ. ಹೊಟ್ಟೆಯಲ್ಲಿ ಆದ ತಪ್ಪು ಕಾಲಿನಲ್ಲಿ ಕಾಣಿಸಿಕೊಳ್ಳುವುದರಿಂದ ಎಷ್ಟೋ ಸಲ ಮೂಲ ಕಾರಣ ಗೊತ್ತಾಗುವುದೇ ಇಲ್ಲ.

ಹದಿಮೂರು ಸೆಕೆಂಡು

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಜೋಡಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶವಿಡೀ ಸುದ್ದಿಯಾಯಿತು. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿವರೆಗಿನ ದಾರಿ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಇಷ್ಟು ಚುಟುಕು ಓಟಕ್ಕೆ ಬೇಕಾದ ಶಕ್ತಿ ಹೆಚ್ಚಾಗಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಿಂದ ಬರುತ್ತದೆ. ಚರ್ಮದಡಿಯ ಕೊಬ್ಬಿಗೆ ಅಲ್ಲಿ ಕೆಲಸವೇ ಇಲ್ಲ. ಕೊಬ್ಬು ಬರೀ ಹೊರೆ.

ಕೆಸರು ನೀರಿನಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ಕಾಲನ್ನು ಕೆಸರಿನಿಂದ ಕಿತ್ತು ಮುಂದಿಡಬೇಕು. ಮೂವತ್ತು ನಲವತ್ತು ಕಿಲೋ ಹೆಚ್ಚಿದ್ದರೆ ಅಷ್ಟೂ ಭಾರ ಕಾಲಿನ ಕೀಲುಗಳ ಮೇಲೆ, ಗೊರಸಿನ ಮೇಲೆ ಬೀಳುತ್ತದೆ. ಜೋಡಿಯಲ್ಲಿ ಒಂದು ಕೋಣ ಭಾರವಾಗಿ ಇನ್ನೊಂದು ಹಗುರವಾಗಿದ್ದರೆ ನೊಗ ಒಂದು ಕಡೆಗೆ ವಾಲುತ್ತದೆ, ಓಟದ ತಾಳ ತಪ್ಪುತ್ತದೆ.

ಸೆಕೆಯ ವಿಚಾರ ಇದಕ್ಕಿಂತ ಮುಖ್ಯ. ದನಕ್ಕೆ ಹೋಲಿಸಿದರೆ ಎಮ್ಮೆ, ಕೋಣಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ತೀರ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ಹಾಗಾಗಿಯೇ ಅವು ಕೆಸರು, ಕೆರೆ ಹುಡುಕಿಕೊಂಡು ಹೋಗುವುದು. ಓಡಿದಾಗ ಸ್ನಾಯುವಿನಲ್ಲಿ ಹುಟ್ಟಿದ ಕಾವು ಹೊರಹೋಗಲು ಕೊಬ್ಬಿನ ಪದರ ಅಡ್ಡಿ. ಓಟ ಮುಗಿದ ಮೇಲೂ ಬಹಳ ಹೊತ್ತು ನಾಲಗೆ ಚಾಚಿ ಏದುಸಿರು ಬಿಡುವ ಕೋಣವನ್ನು ನೀರು ಹೊಯ್ದು ತಣಿಸುವುದು ಅಂದಿನ ಪರಿಹಾರ. ಅದರ ತೂಕ ಹಿಡಿತದಲ್ಲಿಡುವುದು ಆರು ತಿಂಗಳು ಮೊದಲೇ ಮಾಡಬೇಕಾದ ಕೆಲಸ.

ಕುದುರೆ ಸಾಕುವವರಿಂದ ಕಲಿಯಬಹುದಾದದ್ದು

ಕರ್ನಾಟಕದಲ್ಲಿ ಕುದುರೆ ಸಾಕಾಣಿಕೆಯ ಹಳೆಯ ಹೆಸರು ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಒದಗಿಸುತ್ತಿದ್ದ ಅಲ್ಲಿನ ಫಾರಂ ಆಮೇಲೆ ರೇಸ್ ಕುದುರೆಗಳ ತಳಿ ಬೆಳೆಸುವ ಜಾಗವಾಯಿತು. ರೇಸಿನ ಲೋಕದಲ್ಲಿ ಕುದುರೆಯ ತೂಕವನ್ನು ಕಣ್ಣಳತೆಗೆ ಬಿಡುವುದಿಲ್ಲ. ತೂಗಿ, ಬರೆದಿಟ್ಟು, ಅದಕ್ಕೆ ತಕ್ಕಂತೆ ಮೇವು ಏರಿಸಿ ಇಳಿಸುತ್ತಾರೆ.

ಕುದುರೆಯ ಮೈಕಟ್ಟನ್ನು ಮುಟ್ಟಿ ನೋಡಿ ಅಂಕ ಕೊಡುವ ಒಂದು ಪದ್ಧತಿಯನ್ನು 1983ರಲ್ಲಿ ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಹೆನ್ನೆಕೆ ಮತ್ತು ಸಂಗಡಿಗರು ರೂಪಿಸಿದರು. ಒಂದು ಎಂದರೆ ಎಲುಬಿನ ಹಂದರ, ಒಂಬತ್ತು ಎಂದರೆ ವಿಪರೀತ ಬೊಜ್ಜು. ಕುತ್ತಿಗೆ, ಭುಜದ ಹಿಂಭಾಗ, ಪಕ್ಕೆಲುಬು, ಬಾಲದ ಬುಡ ಹೀಗೆ ಜಾಗ ಜಾಗ ಮುಟ್ಟಿ ಅಂಕ ಹಾಕುತ್ತಾರೆ. ವಸಂತದ ಹುಲ್ಲು ಬಂದಾಗ ಮೇಯುವ ಹೊತ್ತು ಕಡಿಮೆ ಮಾಡುವುದು, ಗದ್ದೆಯನ್ನು ಬೇಲಿಯಿಂದ ಪಟ್ಟಿಪಟ್ಟಿಯಾಗಿ ವಿಂಗಡಿಸುವುದು, ಸಣ್ಣ ತೂತಿನ ಬಾಯಿಕುಕ್ಕೆ ಕಟ್ಟಿ ಮೇಯಲು ಬಿಡುವುದು ಅಲ್ಲಿ ರೂಢಿ.

ಕುದುರೆಗೂ ಕೋಣಕ್ಕೂ ವ್ಯತ್ಯಾಸವಿದೆ ನಿಜ. ಕುದುರೆ ಮೆಲುಕು ಹಾಕುವುದಿಲ್ಲ, ಅದರ ಮೇವು ಹುಳಿ ಬರುವುದು ಹಿಂಗರುಳಿನಲ್ಲಿ. ಯುರೋಪಿನ ಚಳಿಯ ನಾಡಿನ ಹುಲ್ಲು ಒಂದು ಬಗೆಯ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ, ಅದು ಕುದುರೆಯ ಗೊರಸಿಗೆ ಮಾರಕ. ನಮ್ಮ ಸೆಕೆ ನಾಡಿನ ಹುಲ್ಲಿನಲ್ಲಿ ಆ ಸಕ್ಕರೆ ಕೂಡುವುದಿಲ್ಲ. ಹಾಗಾಗಿ ಅವರಿಗೆ ಹುಲ್ಲೇ ಶತ್ರು, ನಮಗೆ ಹುಲ್ಲಿನ ಮೇಲೆ ಸುರಿದ ಕಾಳು ಶತ್ರು. ಅಳೆದು ನೋಡುವ ಶಿಸ್ತು ಮಾತ್ರ ಎರಡೂ ಕಡೆಗೆ ಒಂದೇ.

ಕಣ್ಣು, ಕೈ, ಟೇಪು

ದನ, ಎಮ್ಮೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಬಳಕೆಯಲ್ಲಿದೆ. ಓಡುವ ಕೋಣ ನಡುವಿನ ಅಂಕದ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಹಗುರವಾಗಿ ಒತ್ತಿದರೆ ಎಲುಬು ಒಂದೊಂದಾಗಿ ಸಿಗಬೇಕು, ದೂರದಿಂದ ಎದ್ದು ಕಾಣಬಾರದು. ಒತ್ತಿದರೂ ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ. ಬಾಲದ ಬುಡದ ಎರಡೂ ಬದಿ ಮೆತ್ತಗೆ ಗಂಟು ಕಟ್ಟಿದ್ದರೂ ಅದೇ ಸೂಚನೆ. ಸೊಂಟದ ಎಲುಬು ಮೊನಚಾಗಿ, ಬಾಲದ ಬುಡ ಗುಳಿಬಿದ್ದಿದ್ದರೆ ಮೇವು ಸಾಲದು.

ತೂಕದ ಯಂತ್ರ ಎಲ್ಲರ ಹಟ್ಟಿಯಲ್ಲಿ ಇರುವುದಿಲ್ಲ. ಎದೆಯ ಸುತ್ತ ಬರುವಷ್ಟು ಉದ್ದದ, ಬಾಗುವ ಟೇಪು ಇದ್ದರೆ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ.

ಉದಾಹರಣೆಗೆ ಸುತ್ತಳತೆ 200, ಉದ್ದ 150 ಇದ್ದರೆ ತೂಕ ಸುಮಾರು 553 ಕಿಲೋ. ಕೆಲವು ವಾರ ಬಿಟ್ಟು ಅಳೆದಾಗ ಸುತ್ತಳತೆ 206 ಆಗಿದ್ದರೆ ಲೆಕ್ಕ 587 ಕಿಲೋಗೆ ಏರುತ್ತದೆ. ಬರೀ ಆರು ಸೆಂಟಿಮೀಟರಿಗೆ ಮೂವತ್ತನಾಲ್ಕು ಕಿಲೋ! ದಿನಾ ನೋಡುವ ಕಣ್ಣಿಗೆ ಈ ಆರು ಸೆಂಟಿಮೀಟರು ಕಾಣುವುದೇ ಇಲ್ಲ. ಈ ಸೂತ್ರ ದನಗಳಿಗಾಗಿ ಮಾಡಿದ್ದು, ಕೋಣದ ವಿಷಯದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಬಂದೀತು. ಆದರೆ ಅದೇ ಕೋಣವನ್ನು, ಅದೇ ಹೊತ್ತಿನಲ್ಲಿ, ಮೇವು ಹಾಕುವ ಮೊದಲು, ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಟ್ಟರೆ ತೂಕ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಸ್ಪಷ್ಟವಾಗುತ್ತದೆ. ನಮಗೆ ಬೇಕಾದದ್ದು ಅದೇ.

ಹಟ್ಟಿಯಲ್ಲಿ ಆಗಬೇಕಾದ್ದು

ಮೊದಲನೆಯದು, ಕಾಳು ಇಳಿಸುವುದು ಒಂದೇ ದಿನದಲ್ಲಿ ಆಗಬಾರದು. ಕೊನೆಯ ಕಂಬಳ ಮುಗಿದ ಮೇಲೆ ಎರಡು ಮೂರು ವಾರಗಳಲ್ಲಿ ಹಂತ ಹಂತವಾಗಿ ಹುರುಳಿ, ಹಿಂಡಿ ಕಡಿಮೆ ಮಾಡಬೇಕು. ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ಮತ್ತೆ ಏರಿಸುವಾಗಲೂ ಇದೇ ನಿಧಾನ. ನವೆಂಬರ್ ಹತ್ತಿರ ಬಂತೆಂದು ಗಡಿಬಿಡಿಯಲ್ಲಿ ಹುರುಳಿ ದುಪ್ಪಟ್ಟು ಮಾಡುವುದೇ ಹೊಟ್ಟೆಯಲ್ಲಿ ಆಮ್ಲ ಏರಲು ಮುಖ್ಯ ಕಾರಣ.

ಎರಡನೆಯದು, ಹಸಿ ಹುಲ್ಲಿಗೆ ಬಿಡುವ ಮೊದಲು ಒಂದಷ್ಟು ಬೈಹುಲ್ಲು ತಿನ್ನಿಸಬೇಕು. ಹಸಿವು ಸ್ವಲ್ಪ ತಗ್ಗಿದರೆ ಕೋಣ ಎಳೆ ಹುಲ್ಲಿನ ಮೇಲೆ ಮುಗಿಬೀಳುವುದಿಲ್ಲ, ನಾರು ಸಿಕ್ಕಿ ಮೆಲುಕು ಚೆನ್ನಾಗಿ ಆಗುತ್ತದೆ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮೇಯಿಸಿ, ಆಮೇಲೆ ಹೊತ್ತು ಹೆಚ್ಚಿಸಬಹುದು. ಕೊಯ್ದು ತರುವ ನೇಪಿಯರ್ ಹುಲ್ಲನ್ನು ತೀರ ಎಳೆಯದರಲ್ಲಿ ಕತ್ತರಿಸದೆ ಸ್ವಲ್ಪ ಬಲಿಯಲು ಬಿಟ್ಟು, ಬೈಹುಲ್ಲಿನ ಜೊತೆ ಬೆರೆಸಿ ಹಾಕುವುದು ಲೇಸು.

ಮೂರನೆಯದು, ಮಳೆಗಾಲದಲ್ಲೂ ಕೋಣ ನಡೆಯಬೇಕು. ಹಿಂದೆ ಈ ಕೋಣಗಳು ಏಣೆಲು ಗದ್ದೆ ಉಳುತ್ತಿದ್ದವು. ಉಳುಮೆಯೇ ಅವುಗಳ ವ್ಯಾಯಾಮವಾಗಿತ್ತು. ಟಿಲ್ಲರ್, ಟ್ರ್ಯಾಕ್ಟರ್ ಬಂದ ಮೇಲೆ ಅವು ಬಹುತೇಕ ಕಂಬಳಕ್ಕಾಗಿಯೇ ಉಳಿದವು, ಮಳೆಗಾಲದ ದುಡಿಮೆ ತಪ್ಪಿಹೋಯಿತು. ದುಡಿಮೆ ಹೋದರೂ ದುಡಿಯುವ ಕಾಲದ ಊಟದ ಅಳತೆ ಹಾಗೇ ಉಳಿದದ್ದು ಇಂದಿನ ತೊಡಕಿನ ಬೇರು. ಮಳೆ ಬಿಟ್ಟ ಹೊತ್ತಿನಲ್ಲಿ ದಿನಕ್ಕೊಮ್ಮೆ ನಡೆಸುವುದು, ವಾರಕ್ಕೆ ಕೆಲವು ದಿನ ಕೆರೆಯಲ್ಲಿ ಈಜಿಸುವುದು ಆ ಜಾಗವನ್ನು ಒಂದಿಷ್ಟಾದರೂ ತುಂಬುತ್ತದೆ. ಈಜಿನಲ್ಲಿ ಕೀಲಿಗೆ ಭಾರ ಬೀಳದೆ ಉಸಿರಿನ ಕಸುವು ಉಳಿಯುತ್ತದೆ.

ನಾಲ್ಕನೆಯದು, ಉಪ್ಪು ಮತ್ತು ಖನಿಜ ಮಿಶ್ರಣ. ಜಡಿಮಳೆಗೆ ತೊಳೆದುಹೋದ ಮುರಕಲ್ಲಿನ ಮಣ್ಣಿನಲ್ಲಿ ರಂಜಕದಂಥ ಖನಿಜಗಳು ಕಡಿಮೆ, ಅಲ್ಲಿ ಬೆಳೆದ ಹುಲ್ಲಿನಲ್ಲೂ ಕಡಿಮೆ. ಹೊಟ್ಟೆ ತುಂಬಿಯೂ ಎಲುಬು ಬಡವಾಗದಿರಲು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣವನ್ನು ಅಕ್ಕಚ್ಚಿನಲ್ಲಿ ಬೆರೆಸಿ ಕೊಡಬೇಕು.

ಸೊರಗಿದರೂ ಎಚ್ಚರ

ತೂಕ ಇಳಿಯುವುದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಮೇವು ಅಷ್ಟೇ ಇದ್ದು, ಟೇಪಿನ ಅಳತೆ ಎರಡು ಸಲ ಸತತವಾಗಿ ಇಳಿದರೆ ರೋಗ ಇರಬಹುದು. ಗದ್ದೆ, ತೋಡುಗಳ ಬಸವನಹುಳುಗಳ ಮೂಲಕ ಹರಡುವ ಯಕೃತ್ತಿನ ಹುಳು ಮಳೆಗಾಲದ ದೊಡ್ಡ ಕಾಟ. ನೀರು ನಿಂತ ಕಡೆ ಮೇದ ಕೋಣಕ್ಕೆ ಅದು ಅಂಟುತ್ತದೆ. ಕೋಣ ದಿನದಿನಕ್ಕೆ ಬಡವಾಗುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಕಾಣಬಹುದು. ಸೆಗಣಿ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಜಂತುನಾಶಕ ಕೊಡಿಸಬೇಕು.

ಗಳಲೆ ರೋಗಕ್ಕೆ ಎಮ್ಮೆ, ಕೋಣಗಳು ದನಕ್ಕಿಂತ ಬೇಗ ಬಲಿಯಾಗುತ್ತವೆ. ಅದರ ಲಸಿಕೆ ಮಳೆಗೆ ಮೊದಲೇ ಆಗಿರಬೇಕು. ಕಾಲುಬಾಯಿ ರೋಗದ ಲಸಿಕೆಯನ್ನೂ ತಪ್ಪಿಸಬಾರದು. ಹಟ್ಟಿಯ ನೆಲ ಒಣಗಿರಬೇಕು. ಸದಾ ಗಂಜಳದಲ್ಲಿ ನಿಂತ ಗೊರಸು ಕೊಳೆಯುತ್ತದೆ, ಆಗ ಕೋಣ ನಡೆಯುವುದನ್ನೇ ಬಿಡುತ್ತದೆ.

ಕರೆಯಿಂದಾಚೆಯ ಹೊಣೆ

ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಬಳಿಕ ಕಂಬಳದ ಭವಿಷ್ಯವೇ ತೂಗುಯ್ಯಾಲೆಯಲ್ಲಿತ್ತು. 2017ರಲ್ಲಿ ಕಂಬಳಕ್ಕೆ ಅವಕಾಶವಾಗುವಂತೆ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಇಷ್ಟೆಲ್ಲ ಆಗುವಾಗ ಚರ್ಚೆಯಾದದ್ದು ಹೆಚ್ಚಾಗಿ ಬೆತ್ತದ ಏಟಿನ ಬಗ್ಗೆ, ಕರೆಯ ಮೇಲಿನ ಆ ಕೆಲವು ಸೆಕೆಂಡುಗಳ ಬಗ್ಗೆ.

ಕೋಣದ ಬದುಕಿನ ಬಹುಪಾಲು ಕಳೆಯುವುದು ಹಟ್ಟಿಯಲ್ಲಿ. ಅದರ ಕ್ಷೇಮವನ್ನು ಅಳೆಯಬೇಕಾದದ್ದೂ ಅಲ್ಲಿಯೇ. ಕೋಣಗಳನ್ನು ಮಕ್ಕಳಂತೆ ಸಾಕುತ್ತೇವೆ ಎಂದು ಯಜಮಾನರು ಹೇಳುವ ಮಾತು ಸುಳ್ಳಲ್ಲ. ಒಂದೆರಡು ಪವನು ಚಿನ್ನಕ್ಕಾಗಿ ಯಾರೂ ವರ್ಷವಿಡೀ ಇಷ್ಟು ಖರ್ಚು ಮಾಡುವುದಿಲ್ಲ, ಮನೆತನದ ಅಭಿಮಾನ, ಪ್ರಾಣಿಯ ಮೇಲಿನ ಅಕ್ಕರೆ ಎರಡೂ ಅದರಲ್ಲಿವೆ. ಆ ಅಕ್ಕರೆಗೆ ಅಳತೆಯೊಂದು ಜೊತೆಯಾಗಬೇಕಾಗಿದೆ.

ಇದು ಕಷ್ಟದ ಕೆಲಸವೂ ಅಲ್ಲ, ದುಬಾರಿಯೂ ಅಲ್ಲ. ಪ್ರತಿ ಹಟ್ಟಿಯಲ್ಲಿ ಒಂದು ಟೇಪು, ಒಂದು ನೋಟ್‌ಬುಕ್ ಇರಲಿ. ಸುತ್ತಳತೆ, ಕೊಟ್ಟ ಹುರುಳಿ, ಲಸಿಕೆಯ ದಿನ ಅದರಲ್ಲಿ ದಾಖಲಾಗಲಿ. ಕೋಣಗಳು ಕರೆಗೆ ಬರುವಾಗ ಕಂಬಳ ಸಮಿತಿಗಳು ಆ ಪುಸ್ತಕವನ್ನು ಕೇಳಿ ನೋಡಲಿ, ಪಶುವೈದ್ಯರು ಹಲ್ಲು, ಗೊರಸುಗಳ ಜೊತೆ ಮೈಕಟ್ಟಿನ ಅಂಕವನ್ನೂ ಬರೆಯಲಿ. ತೀರ ಬೊಜ್ಜು ಬೆಳೆದ, ತೀರ ಸೊರಗಿದ ಕೋಣವನ್ನು ಓಡಿಸದೆ ಹಿಂದಕ್ಕೆ ಕಳಿಸುವ ಧೈರ್ಯವನ್ನು ಒಂದು ಸಮಿತಿ ತೋರಿದರೆ ಮಿಕ್ಕವರೂ ತೋರುತ್ತಾರೆ. ಜೂನ್‌ನಲ್ಲಿ ಹಸಿರು ಕಂಡ ಕೂಡಲೇ ಟೇಪು ಕೈಗೆತ್ತಿಕೊಳ್ಳುವ ರೂಢಿ ಬಂದರೆ, ಕಂಬಳವನ್ನು ಪ್ರಶ್ನಿಸುವವರಿಗೆ ನಾವು ಕೊಡಬಹುದಾದ ಗಟ್ಟಿ ಉತ್ತರವೂ ಅದೇ ಆಗುತ್ತದೆ.